ಗಾಜಿನ ತಟ್ಟೆ ತಿರುಗಿದ ಶನಿವಾರ

ಬಾಗಿಲು ತೆಗೆದ ಸಂಯುಕ್ತಾಳ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಎದುರಿಗೆ ಗುರುಬಸವ ನಿಂತಿದ್ದ. ಇಸ್ತ್ರಿಯ ನೀಲಿ ಅಂಗಿ, ಆಗಷ್ಟೇ ಬಾಚಿದ ಕೂದಲು. ಎದೆ ಧಸಕ್ಕೆಂದದ್ದನ್ನು ಅವಳು ಹುಬ್ಬು ಗಂಟಿಕ್ಕಿ ಮುಚ್ಚಿಕೊಂಡಳು.

"ಅವ್ವಾರು ಫೋನ್ ಮಾಡಿದ್ರು," ಎಂದ. "ಮೈಕ್ರೋವೇವ್‌ದಾಗಿನ ತಟ್ಟಿ ತಿರುಗವಲ್ದಂತ."

"ನನ್ನ ಮೈಕ್ರೋವೇವ್, ನಾನ ರಿಪೇರಿ ಮಾಡ್ಕೋತೀನ್ರಿ."

"ಮಾಡ್ರಿ. ನಾ ಎಲ್ಲಿ ಬ್ಯಾಡಂದೆ?"

ರಾಯಚೂರಿನಿಂದ ಮಗಳ ಮನೆಗೆ ಬಂದಿದ್ದ ಶಾರದಾಬಾಯಿ ಅಡುಗೆಮನೆಯಿಂದಲೇ "ಒಳಗ ಬಾರಪ್ಪಾ" ಎಂದು ಕೂಗಿದರು. ಪಾಪ, ಅವನು ಮಗಳ ಸ್ನೇಹಿತ ಎಂಬುದಷ್ಟೇ ಅವರಿಗೆ ಗೊತ್ತು. ಹೋದ ತಿಂಗಳು ಸಿಕಂದರಾಬಾದಿನ ಇರಾನಿ ಹೋಟೆಲಿನಲ್ಲಿ ಗುರುಬಸವ ಮದುವೆಯ ಮಾತೆತ್ತಿದ್ದ. ಅವಳು ಬಹಳ ಕಾಲದಿಂದ ಕಾದಿದ್ದ ಮಾತೇ ಅದು. ಆದರೆ ಕೊನೆಗೆ ಅವನು, "ಇನ್ನ ಮ್ಯಾಲೆ ನೀವು ಯಾವದಕ್ಕೂ ತ್ರಾಸ ತಗೋಬ್ಯಾಡ್ರಿ, ಎಲ್ಲಾ ನಾ ನೋಡ್ಕೋತೀನಿ" ಎಂದುಬಿಟ್ಟ. ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಒಂದು ಇಡೀ ವಿಭಾಗ ನಡೆಸುವವಳು, ಬಾಲಾನಗರದ ಈ ಪುಟ್ಟ ಮನೆಯನ್ನು ತಾನೇ ಮೊಳೆ ಹೊಡೆದು ಜೋಡಿಸಿಕೊಂಡವಳು, ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದಳು. ಆಮೇಲೆ ಇಬ್ಬರಲ್ಲೂ ಮಾತಿಲ್ಲ.

ಈಗ ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತ. ಅವಳು ಪ್ಲಗ್ ಕಿತ್ತು, ಮೈಕ್ರೋವೇವನ್ನು ತಿರುಗಿಸಿ, ಹಿಂದಿನ ಮುಚ್ಚಳದ ಸ್ಕ್ರೂಗೆ ಕೈ ಹಾಕಿದಳು.

"ಅದನ್ನ ಬಿಡ್ರಿ!"

"ಯಾಕ? ಹೆಣ್ಣಮಕ್ಕಳು ಬಿಚ್ಚಬಾರದೇನು?"

"ಯಾರೂ ಬಿಚ್ಚಬಾರದ್ರಿ. ಪ್ಲಗ್ ಕಿತ್ತರೂ ಒಳಗ ಕರೆಂಟ್ ಉಳಿದಿರ್ತೈತಿ, ಜೀವಾ ತಗೊಳ್ಳುವಷ್ಟು. ದಿನಾ ವಿಮಾನದ ಎಲೆಕ್ಟ್ರಾನಿಕ್ಸ್ ಜೋಡಸ್ತೀನಿ, ನಾನೂ ಮನ್ಯಾಗ ಅದನ್ನ ಮುಟ್ಟಂಗಿಲ್ಲ."

ಅವನು ಸ್ಟೂಲಿನಿಂದ ಅರ್ಧ ಎದ್ದಿದ್ದ. ಅವನ ಗಾಬರಿ ನಿಜವೆಂದು ಅವಳಿಗೆ ತಿಳಿಯಿತು. ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ಮುಂದಿನ ಬಾಗಿಲದಾಗಿಂದ ಕೈಗೆ ಸಿಗೋದಷ್ಟ ನೋಡ್ರಿ," ಎಂದ ಮೆಲ್ಲಗೆ. "ಅದರಾಗ ಆಗ್ಲಿಲ್ಲಂದ್ರ ಮೆಕ್ಯಾನಿಕ್ಕಿಗೆ ಕೊಡೋದು. ಇನ್ನ ನಾ ಬಾಯಿ ತೆಗಿಯಂಗಿಲ್ಲ."

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಜಕ್ಕೂ ಸುಮ್ಮನಾದ.

ಅವಳು ಮೈಕ್ರೋವೇವನ್ನು ಮತ್ತೆ ಇತ್ತ ತಿರುಗಿಸಿ, ಒಳಗಿನ ಗಾಜಿನ ತಟ್ಟೆ ತೆಗೆದಳು. ಅದರ ಕೆಳಗಿನ ಗಾಲಿಗಳಿಗೆ ಉಕ್ಕಿದ ಹಾಲು ಒಣಗಿ ಅಂಟಿತ್ತು. ಸೋಪಿನ ಬಿಸಿನೀರಲ್ಲಿ ತೊಳೆದು, ಒರೆಸಿ, ಮತ್ತೆ ಕೂರಿಸಿ, ತಟ್ಟೆಯ ಮೇಲೆ ಒಂದು ಕಪ್ ನೀರಿಟ್ಟು, ಪ್ಲಗ್ ಹಾಕಿ ಚಾಲೂ ಮಾಡಿದಳು. ತಟ್ಟೆ ಅಲ್ಲಾಡಲಿಲ್ಲ. ಓರೆಗಣ್ಣಲ್ಲಿ ನೋಡಿದರೆ, ಗುರುಬಸವ ಮಾತು ಹೊರಬೀಳದಂತೆ ತುಟಿ ಕಚ್ಚಿಕೊಂಡಿದ್ದ. ಅವಳಿಗೆ ನಗು ಬಂತು. ತೋರಗೊಡದೆ ಮತ್ತೆ ಪ್ಲಗ್ ಕಿತ್ತಳು.

ತಟ್ಟೆ ತೆಗೆದು, ಅದನ್ನು ತಿರುಗಿಸುವ ನಡುವಿನ ಪ್ಲಾಸ್ಟಿಕ್ ತುಂಡನ್ನು ಮೇಲಕ್ಕೆಳೆದಳು. ಬಂತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಇದರ ತೂತು ಸವದು ಗುಂಡಗ ಆಗೈತಿ. ಕೆಳಗ ಮೋಟರಿನ ಕಡ್ಡಿ ತಿರಗತೈತಿ, ಇದು ಅದನ್ನ ಹಿಡೀವಲ್ದು. ಹೌದಲ್ರಿ?"

ಅವನು ತನ್ನ ಮುಚ್ಚಿದ ಬಾಯಿಯತ್ತ ಬೆರಳು ತೋರಿಸಿದ.

"ತೆಗೀರಿನ್ನ ಬಾಯಿ!"

"ಹೌದ್ರಿ. ಭಾಳ ಕರೆಕ್ಟ್." ಅವನ ಕಣ್ಣುಗಳು ಮಿನುಗುತ್ತಿದ್ದವು.

ಹೊಸ ತುಂಡು ತರಲು ಸಿಕಂದರಾಬಾದಿಗೆ ಹೊರಟರು. ಸ್ಕೂಟಿ ಅವಳದು, ಹಿಂದೆ ಕೂತವನು ಅವನು.

"ಗಟ್ಟಿ ಹಿಡ್ಕೊಳ್ರಿ."

"ಏನು ಹಿಡ್ಕೊಳ್ಳಿ?"

"ಸೀಟು!" ಕನ್ನಡಿಯಲ್ಲಿ ಅವನ ನಗು ಕಂಡಿತು. ಸಿಗ್ನಲ್ಲಿಗೊಮ್ಮೆ ಅವಳು ಕನ್ನಡಿ ಸರಿಮಾಡಿಕೊಂಡಳು.

ಅಂಗಡಿಯವನು ಗುರುಬಸವನನ್ನೇ ನೋಡಿ, "ಏ ಮಾಡೆಲ್ ಅನ್ನಾ?" ಎಂದು ತೆಲುಗಿನಲ್ಲಿ ಮಾಡೆಲ್ ಕೇಳಿದ. ಗುರುಬಸವ ಒಂದು ಹೆಜ್ಜೆ ಹಿಂದೆ ಸರಿದು, "ಮೇಡಂನಿ ಅಡಗಂಡಿ," ಮೇಡಂ ಅವರನ್ನೇ ಕೇಳಿ, ಎಂದು ಅವಳತ್ತ ಕೈ ತೋರಿಸಿದ. ಸಂಯುಕ್ತಾ ಮಾಡೆಲ್ ಹೇಳಿ, ಹಳೆಯ ತುಂಡಿನ ಪಕ್ಕ ಹೊಸದನ್ನು ಹಿಡಿದು ನೋಡಿ ಆರಿಸಿದಳು. ಅವಳ ಬೆನ್ನು ತಾನಾಗಿ ನೆಟ್ಟಗಾಗಿತ್ತು.

ಮನೆಗೆ ಬಂದು ತುಂಡನ್ನು ಕೂರಿಸಿದಳು. ಗಾಲಿ, ತಟ್ಟೆ, ನೀರಿನ ಕಪ್. ಗುಂಡಿ ಒತ್ತಿದಳು. ತಟ್ಟೆ ಸದ್ದಿಲ್ಲದೆ ತಿರುಗತೊಡಗಿತು.

"ಗುರುಬಸವ ಬಂದ, ಅದಕ್ಕ ಆತು ನೋಡು!" ಎಂದು ಶಾರದಾಬಾಯಿ ಚಪ್ಪಾಳೆ ತಟ್ಟಿದರು.

ಅವನು ಸ್ಟೂಲಿನಿಂದ ಎದ್ದು ನಿಂತ. "ಇಲ್ರೀ ಅವ್ವಾರ. ನಾ ಒಂದು ಬೆರಳೂ ಹಚ್ಚಿಲ್ಲ. ತಪ್ಪು ಹುಡುಕಿದವರೂ ಇವರ, ಜೋಡಿಸಿದವರೂ ಇವರ."

ತಾನೇ ಗೆದ್ದು ಬಂದವನ ಹಾಗಿತ್ತು ಅವನ ದನಿ. ತನ್ನ ಕೆಲಸವನ್ನು ಇನ್ನೊಬ್ಬರು ಇಷ್ಟು ಹೆಮ್ಮೆಯಿಂದ ಹೇಳುವುದನ್ನು ಸಂಯುಕ್ತಾ ಈವರೆಗೆ ಕೇಳಿರಲಿಲ್ಲ. ದುಪಟ್ಟಾದ ತುದಿಗೆ ಕೈ ಒರೆಸಿಕೊಂಡಳು.

"ಅವ್ವಾ, ಇವರ ಮನಿಯವರಿಗೆ ಫೋನ್ ಹಚ್ಚು. ನಾ ಇವರನ್ನ ಲಗ್ನಾ ಆಗ್ತೀನಿ."

ಶಾರದಾಬಾಯಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಗುರುಬಸವನ ಕಿವಿಯವರೆಗೂ ಕೆಂಪೇರಿತು.

"ನನ್ನನ್ನ ಒಂದು ಮಾತು ಕೇಳಬಾರದೇನ್ರಿ?"

"ಕೇಳಾಕತ್ತೀನಲ್ಲ!" ಅವಳು ಗದ್ದ ಮೇಲೆತ್ತಿದಳು, ಆದರೆ ಕಣ್ಣಂಚು ಒದ್ದೆಯಾಗಿತ್ತು. "ಹೂಂ ಅಂತೀರೋ, ಉಹೂಂ ಅಂತೀರೋ?"

"ಹೂಂ," ಎಂದ ಅವನು. ಸಾಲದೆನಿಸಿತೇನೋ, ಪಕ್ಕದ ಮನೆಯವರಿಗೂ ಕೇಳಲೆಂಬಂತೆ ಇನ್ನೊಮ್ಮೆ ಕೂಗಿದ, "ಹೂಂ ರೀ!"