ಹೊಂಗೆ ಮರದಿಂದ ಹದಿನಾಲ್ಕು ಅಡಿ

"ಶ್! ಒಂದ್ನಿಮಿಷ ಯಾರೂ ಮಾತಾಡ್ಬೇಡಿ!"

ಗುಂಡಿಯೊಳಗೆ ಕೂತಿದ್ದ ನೀರಿನ ಆಫೀಸಿನ ರಾಮಯ್ಯ ಕೈ ಎತ್ತಿದರು. ಬೀದಿ ಗಪ್‌ಚಿಪ್ಪಾಯಿತು. ಅವರ ಕೈಯಲ್ಲಿ ಎದೆಯುದ್ದದ ಕಬ್ಬಿಣದ ಸಲಾಕೆ ಇತ್ತು. ಅದರ ಒಂದು ತುದಿ ನೀರಿನ ಪೈಪಿನ ಮೇಲೆ, ಇನ್ನೊಂದು ಅವರ ಕಿವಿಗೆ. ಡಾಕ್ಟರು ರೋಗಿಯ ಎದೆ ಬಡಿತ ಕೇಳುವ ಹಾಗೆ ಅವರು ಕಣ್ಣು ಮುಚ್ಚಿ ಪೈಪನ್ನು ಕೇಳಿದರು.

ಗುಂಡಿಯ ಅಂಚಿನಲ್ಲಿ ಧೃತಿ ಮತ್ತು ಶಿವಲೀಲಾ ಬಗ್ಗಿ ನಿಂತಿದ್ದರು. ಇಬ್ಬರೂ ಐದನೇ ಕ್ಲಾಸು, ಒಂದೇ ಬೆಂಚು. ಆದರೆ ಈ ವಾರವೆಲ್ಲ ಆ ಬೆಂಚಿನಲ್ಲಿ ಧೃತಿ ಒಬ್ಬಳೇ ಕೂತಿದ್ದಳು. ಹಿಂದಿನ ಬೀದಿಯ ಶಿವಲೀಲಾಳ ಮನೆಗೆ ನಲ್ಲಿ ನೀರು ನಿಂತುಹೋಗಿತ್ತು, ನೀರಿನ ಟ್ಯಾಂಕರ್ ಬರುವುದು ಸ್ಕೂಲಿನ ಟೈಮಿಗೇ. ಶಿವಲೀಲಾಳ ಅಮ್ಮ ಯಲ್ಲವ್ವ ಗಾರ್ಮೆಂಟ್ಸಿಗೆ ಹೋದರೆ ಕೊಡ ಹಿಡಿದು ಕ್ಯೂ ನಿಲ್ಲುವವರು ಬೇರೆ ಯಾರಿದ್ದಾರೆ?

"ಇಲ್ಲೂ ಅಲ್ಲ ಮೇಡಂ," ರಾಮಯ್ಯ ಕಣ್ಣು ಬಿಟ್ಟರು. "ಮೇನ್ ಪೈಪಲ್ಲಿ ನೀರು ಸೊಂಯ್ ಅಂತ ಓಡ್ತಾ ಇದೆ. ಹಿಂದಿನ ಬೀದಿಗೆ ಹೋಗೋ ಪೈಪು ಎಲ್ಲಿ ಕವಲೊಡೆಯುತ್ತೋ ಅದು ಸಿಗ್ತಿಲ್ಲ. ಅಲ್ಲೊಂದು ವಾಲ್ವ್ ಇದೆ. ಅದರೊಳಗಿನ ಬಾಗಿಲು ತುಕ್ಕು ಹಿಡ್ದು ಕಳಚಿ ಬಿದ್ದಿದೆ, ನೀರು ತಡೆದು ನಿಂತಿದೆ. ಬೇರೆ ಏನೂ ಅಲ್ಲ."

ಅದು ನಾಲ್ಕನೇ ಗುಂಡಿ.

ನೀರಿನ ಆಫೀಸಿನ ಇಂಜಿನಿಯರ್ ವಿಭಾ ಮೇಡಂ ಹಣೆಯ ಬೆವರು ಒರೆಸಿಕೊಂಡರು. ಕಬ್ಬಿಣ ಪತ್ತೆ ಮಾಡುವ ಮೆಷಿನ್ ತಂದು ಹುಡುಕಿದ್ದೂ ಆಗಿತ್ತು. ನೆಲದೊಳಗೆ ಇಷ್ಟೊಂದು ಕೇಬಲ್ಲು, ಕಂಬಿ. ಅದು ಹೆಜ್ಜೆಗೊಮ್ಮೆ ಕೀಂ ಕೀಂ ಅನ್ನುತ್ತಿತ್ತು.

ಎದುರು ಮನೆಯ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ತಿಮ್ಮರಾಯಪ್ಪ ಪೇಪರ್ ಕೆಳಗಿಳಿಸಿದರು. ಅವರು ಧೃತಿಯ ತಾತ.

"ಏನ್ ಮೇಡಂ, ಬೀದಿ ತುಂಬಾ ಗುಣಿ ಹೊಡೀತಾ ಇದ್ದೀರಲ್ಲ? ಬಿತ್ತನೆ ಯಾವಾಗ?"

ಕೆಲವರು ಕಿಸಕ್ಕೆಂದರು. ಯಲ್ಲವ್ವ ನಗಲಿಲ್ಲ. ಅವರ ಜೊತೆ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ನಿಂತಿದ್ದ ಹಿಂದಿನ ಬೀದಿಯ ಹೆಂಗಸರೂ ನಗಲಿಲ್ಲ.

"ಹನ್ನೊಂದು ದಿನಾ ಆತ್ರಿ ಮೇಡಮ್ಮಾರ," ಯಲ್ಲವ್ವ ಎಂದರು. "ನಾ ಏನ್ ಮಾಡ್ಲಿ? ನಾಳೆ ಮುಂಜಾನೆಗೆ ಟೆಂಪೋ ಹೇಳೀನಿ. ಬೊಮ್ಮನಹಳ್ಳಿ ಕಡೆ ಮನಿ ನೋಡೀನಿ. ಅಲ್ಲಿ ಬೋರಿನ ನೀರರ ಬರ್ತಾವಂತ."

ಧೃತಿ ಶಿವಲೀಲಾಳ ಮುಖ ನೋಡಿದಳು. ಶಿವಲೀಲಾ ಗುಂಡಿ ನೋಡಿದಳು.

"ನಾಳೆ? ನಂಗೆ ಹೇಳಲೇ ಇಲ್ಲ!"

"ಹೇಳಿದ್ರ ನೀ ಅಳ್ತಿದ್ದಿ."

"ನಾನ್ಯಾಕೆ ಅಳ್ಲಿ!" ಎಂದಳು ಧೃತಿ. ಆದರೆ ಮುಖ ಆಚೆ ತಿರುಗಿಸಿಕೊಂಡಳು.

ವಿಭಾ ಮೇಡಂ ಹಳೆಯ ನಕ್ಷೆಯನ್ನು ಜೀಪಿನ ಬಾನೆಟ್ ಮೇಲೆ ಮತ್ತೆ ಹರಡಿದರು. ಹುಡುಗಿಯರಿಬ್ಬರೂ ಅವರ ಮೊಣಕೈ ಕೆಳಗಿಂದ ತಲೆ ತೂರಿಸಿದರು. ಮಾಸಿದ ಕಾಗದದಲ್ಲಿ ಒಂದು ಪುಟ್ಟ ವೃತ್ತ. ಅದರ ಪಕ್ಕದಲ್ಲಿ ಯಾರೋ ಮುದ್ದಾಗಿ ಬರೆದಿದ್ದರು: 'ವಾಲ್ವ್. ಹೊಂಗೆ ಮರದಿಂದ ಪಶ್ಚಿಮಕ್ಕೆ ಹದಿನಾಲ್ಕು ಅಡಿ.'

"ಯಾವ ಹೊಂಗೆ ಮರ ಮೇಡಂ?" ಧೃತಿ ಕೇಳಿದಳು.

"ಅದನ್ನೇ ನಾನೂ ಕೇಳ್ತಿರೋದು ಪುಟ್ಟಾ. ಆಗಿನ ಕಾಲದಲ್ಲಿ ಇಲ್ಲಿ ಮನೆ ನಂಬರ್ ಇರ್ಲಿಲ್ಲ. ಮರ ಇತ್ತು, ಮರದಿಂದ ಅಳೆದ್ರು. ಈಗ ಬೀದೀಲಿ ಒಂದೂ ಮರ ಇಲ್ಲ."

ಧೃತಿ ಒಂದೇ ಓಟಕ್ಕೆ ಮನೆಯೊಳಗೆ ಹೋದಳು. ಬೈರಮ್ಮಜ್ಜಿ ಹಿತ್ತಲಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದರು.

"ಅಜ್ಜೀ! ನಮ್ಮ ಬೀದೀಲಿ ಹೊಂಗೆ ಮರ ಇತ್ತಾ?"

"ಇತ್ತು ಕಣವ್ವ. ಎಂಥಾ ನೆರಳು ಅಂತೀಯಾ! ಸಾರಕ್ಕಿ ಕೆರೆಯಿಂದ ಬಟ್ಟೆ ಒಗ್ಕೊಂಡು ಬರ್ತಾ ಅಲ್ಲೇ ಕೂತು ಸುಧಾರಿಸ್ಕೊಳ್ತಿದ್ವಿ."

"ಎಲ್ಲಿತ್ತು? ಕರೆಕ್ಟಾಗಿ ಹೇಳು!"

"ಈಗ ಟ್ರಾನ್ಸ್‌ಫಾರ್ಮರ್ ಇಲ್ವಾ, ಅಲ್ಲೇ. ಅದನ್ನ ನಿಲ್ಸಕ್ಕೇ ತಾನೇ ಮರ ಕಡಿದಿದ್ದು."

ಧೃತಿ ಹಿಂದಕ್ಕೆ ಓಡಿ ಬಂದು ಶಿವಲೀಲಾಳ ಕೈ ಹಿಡಿದೆಳೆದಳು. "ಟೇಪ್ ಬೇಕು, ಟೇಪ್! ನಿಮ್ಮಮ್ಮನ ಹತ್ರ ಇರುತ್ತಲ್ಲ, ಬಟ್ಟೆ ಅಳೆಯೋದು!"

ಶಿವಲೀಲಾ ಕಟ್ಟಿಟ್ಟ ಗಂಟುಗಳನ್ನು ಬಿಚ್ಚಿ ಹಳದಿ ಟೇಪು ಹುಡುಕಿ ತಂದಳು. ಅದು ಐದಡಿಯ ಟೇಪು. ಟ್ರಾನ್ಸ್‌ಫಾರ್ಮರಿನ ಬೇಲಿಯ ಹೊರಗಿನಿಂದ ಸೂರ್ಯ ಮುಳುಗುವ ಕಡೆಗೆ ಇಬ್ಬರೂ ಅಳೆಯತೊಡಗಿದರು. ಧೃತಿ ಒಂದು ತುದಿ ಒತ್ತಿ ಹಿಡಿದಳು. ಶಿವಲೀಲಾ ಇನ್ನೊಂದು ತುದಿ ಎಳೆದು ಚಾಕ್‌ಪೀಸಿನಲ್ಲಿ ಗೆರೆ ಹಾಕಿದಳು.

"ಐದು."

"ಹತ್ತು."

"ಇನ್ನು ನಾಲ್ಕು... ಅಷ್ಟೇ, ನಿಲ್ಲು!"

ಶಿವಲೀಲಾಳ ಚಾಕ್‌ಪೀಸು ನಿಂತಿತು. ಅದು ನಿಂತದ್ದು ನುಣ್ಣನೆಯ ಕಪ್ಪು ಕಲ್ಲಿನ ಮೇಲೆ.

ಧೃತಿಯ ಮನೆಯ ಗೇಟಿನಿಂದ ಬೀದಿಗೆ ಇಳಿಜಾರಾಗಿ ಚಾಚಿದ್ದ ಗ್ರಾನೈಟಿನ ರ‍್ಯಾಂಪ್ ಅದು. ಎರಡು ವರ್ಷದ ಹಿಂದೆ ಹೊಸ ಕಾರು ತಂದಾಗ ತಾತ ಕಟ್ಟಿಸಿದ್ದು. ಅದರ ಮೇಲೆ ಮಕ್ಕಳು ಸೈಕಲ್ ಹತ್ತಿಸಿದರೂ ತಾತ ಗದರುತ್ತಿದ್ದರು. ಈಗಲೂ ಕಾರು ಅದರ ಮೇಲೆಯೇ ನಿಂತಿತ್ತು.

ಶಿವಲೀಲಾ ಸದ್ದಿಲ್ಲದೆ ಟೇಪು ಸುತ್ತತೊಡಗಿದಳು.

"ಬ್ಯಾಡ ಬಿಡು ಧೃತಿ. ಯಾರಿಗೂ ಹೇಳಬ್ಯಾಡ. ನಿಮ್ಮ ತಾತಗ ಸಿಟ್ಟು ಬರ್ತದ. ನಾವರ ಅವರ ಮನ್ಯಾಗ ಬಾಡಿಗಿ ಇದ್ದವರು." ಅವಳು ಚಾಕ್ ಗೆರೆಯನ್ನು ಲಂಗದ ತುದಿಯಿಂದ ಒರೆಸಿಯೇ ಬಿಟ್ಟಳು. "ನಾಳೆ ಹೆಂಗೂ ಹೊಂಟೀವಿ."

ಧೃತಿಗೆ ಕಿವಿ ಬಿಸಿಯಾಯಿತು. ಅವಳು ನೆಟ್ಟಗೆ ತಾತನ ಕುರ್ಚಿಯ ಬಳಿ ಹೋದಳು.

"ತಾತ, ವಾಲ್ವ್ ನಮ್ಮ ರ‍್ಯಾಂಪ್ ಕೆಳಗಿದೆ."

ತಾತ ಪೇಪರಿನಿಂದ ಕಣ್ಣೆತ್ತಲಿಲ್ಲ. ಆದರೆ ಪುಟವನ್ನೂ ತಿರುಗಿಸಲಿಲ್ಲ.

"ನಿನಗೆ ಗೊತ್ತಿತ್ತಾ ತಾತ?"

"ಏನೋ ಒಂದು ಮುಚ್ಚಳ ಇತ್ತು. ಬೀದೀಲಿ ನೂರು ಮುಚ್ಚಳ ಇರುತ್ತೆ," ತಾತ ದನಿ ತಗ್ಗಿಸಿದರು. "ಹೋಗು, ಒಳಗೆ ಹೋಗಿ ಹೋಮ್‌ವರ್ಕ್ ಮಾಡು. ಮನೆ ವಿಷಯ ಬೀದಿಗೆ ತರಬಾರದು."

ನಾಲ್ಕು ಗುಂಡಿ! ಬೆಳಿಗ್ಗೆಯಿಂದ ರಾಮಯ್ಯ ಮಣ್ಣಲ್ಲಿ ಮುಳುಗಿ ಎದ್ದಿದ್ದರು. ತಾತ ಇಲ್ಲೇ ಕೂತು ನೋಡುತ್ತಿದ್ದರು. ತಮಾಷೆಯನ್ನೂ ಮಾಡಿದ್ದರು.

ಅಷ್ಟರಲ್ಲಿ ಜೀಪು ಸ್ಟಾರ್ಟ್ ಆಯಿತು. "ಸೋಮವಾರ ಮತ್ತೆ ಬರ್ತೀವಿ. ಹಳೇ ಸ್ಟಾಫ್ ಯಾರಾದ್ರೂ ಸಿಗ್ತಾರಾ ನೋಡ್ತೀವಿ," ಎಂದರು ವಿಭಾ ಮೇಡಂ. ಅವರ ಮಾತು ಮುಗಿಯುವ ಮೊದಲೇ ಯಲ್ಲವ್ವ ಜೀಪಿನ ಮುಂದೆ ಕೊಡ ಕುಕ್ಕಿ ಅದರ ಪಕ್ಕ ಕೂತರು. ಟಣ್! ಇನ್ನೊಂದು ಕೊಡ. ಟಣ್, ಟಣ್! ನೋಡನೋಡುತ್ತಲೇ ಜೀಪಿನ ಸುತ್ತ ಖಾಲಿ ಕೊಡಗಳ ಬೇಲಿ.

"ಸೋಮವಾರ ಅಂದ್ರ ನಮ್ಮ ಮನಿ ಖಾಲಿ ಆಗಿರ್ತೈತ್ರೀ!"

"ಮಕ್ಕಳ ಮೈ ತೊಳ್ದು ಎಷ್ಟು ದಿನ ಆಯ್ತು, ಬಂದು ನೋಡಿ ಮೇಡಂ!"

"ಏಳಿ ಏಳಿ," ತಾತ ಕುರ್ಚಿಯಿಂದಲೇ ಕೂಗಿದರು. "ಆಫೀಸರ್‌ನ ಅಡ್ಡಗಟ್ಟಿದ್ರೆ ನೀರು ಬರುತ್ತಾ?"

ಧೃತಿ ಒಳಗೆ ಓಡಿದಳು. ಅಡುಗೆಮನೆಯ ಮೂಲೆಯಲ್ಲಿದ್ದ ತಾಮ್ರದ ಕೊಡ ಎತ್ತಿ ನೀರನ್ನು ಹಂಡೆಗೆ ಸುರಿದಳು. ಖಾಲಿ ಕೊಡವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಹೊರಗೆ ಬಂದಳು. ಜೀಪಿನ ಹತ್ತಿರ ಹೋಗಲಿಲ್ಲ. ತನ್ನದೇ ಮನೆಯ ರ‍್ಯಾಂಪಿನ ಮೇಲೆ, ಕಾರಿನ ಮುಂದೆ, ಕೊಡ ಇಟ್ಟು ಕೂತಳು.

"ಆಂಟೀ! ಎಲ್ಲರೂ ಇಲ್ಲಿ ಬನ್ನಿ! ಮೇಡಂ ಏನೂ ತಪ್ಪು ಮಾಡಿಲ್ಲ. ಹೊಂಗೆ ಮರ ಟ್ರಾನ್ಸ್‌ಫಾರ್ಮರ್ ಜಾಗದಲ್ಲಿ ಇತ್ತು. ನಾನೂ ಶಿವಲೀಲಾನೂ ಅಳೆದಿದ್ದೀವಿ. ವಾಲ್ವ್ ಇಲ್ಲಿದೆ, ಈ ಕಲ್ಲಿನ ಕೆಳಗೆ!"

ಒಂದು ಕ್ಷಣ ಯಾರೂ ಅಲುಗಾಡಲಿಲ್ಲ. ಯಾರೂ ಬರದಿದ್ದರೆ?

ಮೊದಲು ಹೆಜ್ಜೆ ಇಟ್ಟವಳು ಶಿವಲೀಲಾ. ಅವಳು ಬಂದು ಧೃತಿಗೆ ಅಂಟಿಕೊಂಡು ಕೂತಳು. ಆಮೇಲೆ ಯಲ್ಲವ್ವ. ಆಮೇಲೆ ಒಬ್ಬೊಬ್ಬರಾಗಿ ಇಡೀ ಬೀದಿ. ಹೊಳೆಯುವ ಕಪ್ಪು ಗ್ರಾನೈಟಿನ ಮೇಲೆ ಕೆಂಪು, ಹಸಿರು, ನೀಲಿ ಕೊಡಗಳು ತುಂಬಿದವು.

"ಧೃತೀ!" ತಾತ ಎದ್ದು ನಿಂತರು. "ಏಳು ಮೇಲೆ! ಈ ಬೀದಿ ಪೂರ್ತಿ ನಮ್ಮಪ್ಪನ ರಾಗಿ ಹೊಲ ಕಣೇ! ನನ್ನ ಜಾಗದಲ್ಲಿ ನಾನು ಕಲ್ಲು ಹಾಕಿಸ್ಕೊಂಡ್ರೆ ಯಾರಪ್ಪನ ಗಂಟು ಹೋಯ್ತು?"

"ಹೊಲ ನಿಮ್ದ ಇತ್ತ್ರೀ ಯಜಮಾನ್ರ, ನಾವು ಇಲ್ಲ ಅನ್ನಂಗಿಲ್ಲ," ಯಲ್ಲವ್ವ ಕೂತಲ್ಲಿಂದಲೇ ಎಂದರು. "ಆದ್ರ ಈಗ ಇದು ರೋಡ್ ಅದ. ರೋಡಿನ ಕೆಳಗಿನ ನೀರು ಎಲ್ಲಾರದು."

ವಿಭಾ ಮೇಡಂ ಜೀಪಿನಿಂದ ಇಳಿದು ಬಂದರು. ನಕ್ಷೆ ನೋಡಿದರು, ಟ್ರಾನ್ಸ್‌ಫಾರ್ಮರ್ ನೋಡಿದರು, ರ‍್ಯಾಂಪ್ ನೋಡಿದರು.

"ಸಾರ್, ರ‍್ಯಾಂಪ್ ಇರೋದು ರಸ್ತೆ ಮೇಲೆ. ಒಡೆಯೋ ಅಧಿಕಾರ ನಮಗಿದೆ. ಕಾರು ತೆಗೀತೀರಾ?"

"ತೆಗೆಯಲ್ಲ!"

ಗೇಟು ಕಿರ್ ಎಂದಿತು. ಬೈರಮ್ಮಜ್ಜಿ ಹೊರಗೆ ಬಂದರು. ಕೈಯಲ್ಲಿ ಇನ್ನೂ ಅವರೆಕಾಳಿನ ಸಿಪ್ಪೆ ಅಂಟಿತ್ತು. ಯಾರನ್ನೂ ನೋಡದೆ ಅವರು ಮಂಡಿ ಹಿಡಿದುಕೊಂಡು ಮೊಮ್ಮಗಳ ಪಕ್ಕ ನಿಧಾನಕ್ಕೆ ಕೂತರು.

"ನೀನೂನಾ?" ತಾತನ ಬಾಯಿ ತೆರೆದೇ ಇತ್ತು.

"ಈ ಮನೆಗೆ ಬಂದಾಗ ದಿನಕ್ಕೆ ಹತ್ತು ಕೊಡ ಹೊತ್ತಿದ್ದೀನಿ. ಸೊಂಟ ನಂದು, ನಿಮ್ದಲ್ಲ," ಎಂದರು ಅಜ್ಜಿ. "ಕಾರು ತೆಗೀರಿ. ಬಿಸಿಲು ಏರ್ತಾ ಇದೆ, ಇಲ್ಲಿ ಹೆಣ್ಮಕ್ಕಳು ಕೂತವ್ರೆ."

ಬೀದಿಗೆ ಬೀದಿಯೇ ತಾತನನ್ನು ನೋಡಿತು. ತಾತ ಕಾರಿನ ಕಡೆ ನೋಡಿದರು. ಕೊಡಗಳ ಕಡೆ ನೋಡಿದರು. ಆಮೇಲೆ ಜೇಬಿನಿಂದ ಕೀ ತೆಗೆದರು.

ಕಾರು ಮೆಲ್ಲನೆ ಹಿಂದಕ್ಕೆ ಸರಿದು ಗೇಟಿನೊಳಗೆ ಹೋಯಿತು. "ಹೋ!" ಎಂದು ಕೂಗು ಎದ್ದಿತು.

ರಾಮಯ್ಯನ ಕಡೆಯವರು ಹಾರೆ ಹಾಕಿದರು. ಗ್ರಾನೈಟು ಚಟಾರೆಂದು ಸೀಳಿತು. ಅದರ ಕೆಳಗೆ ಸಿಮೆಂಟು, ಸಿಮೆಂಟಿನ ಕೆಳಗೆ ಜಲ್ಲಿ, ಜಲ್ಲಿಯ ಕೆಳಗೆ ತುಕ್ಕು ಹಿಡಿದ ದುಂಡನೆಯ ಮುಚ್ಚಳ.

"ಸಿಕ್ತು!" ರಾಮಯ್ಯ ಕೂಗಿದರು. "ಮರದಿಂದ ಅಳೆದ ಪುಣ್ಯಾತ್ಮ ಒಂದಿಂಚೂ ತಪ್ಪಿಲ್ಲ ಗುರೂ!"

ಆಮೇಲಿನದು ನಿಧಾನದ ಕೆಲಸ. ಮೇನ್ ಪೈಪಿನ ನೀರು ನಿಲ್ಲಿಸಬೇಕು, ಬೋಲ್ಟು ಬಿಚ್ಚಬೇಕು, ಕಳಚಿ ಬಿದ್ದ ಕಬ್ಬಿಣದ ಬಾಗಿಲನ್ನು ಎತ್ತಬೇಕು, ಹೊಸದನ್ನು ಕೂರಿಸಬೇಕು. ಮೂರು ಗಂಟೆ ಹಿಡಿಯಿತು. ವಿಭಾ ಮೇಡಂ ತಾವೇ ಗುಂಡಿಗಿಳಿದು ಸ್ಪ್ಯಾನರ್ ಹಿಡಿದರು. ಅಜ್ಜಿ ಎಲ್ಲರಿಗೂ ಮಜ್ಜಿಗೆ ಕಳಿಸಿದರು. ಒಬ್ಬರೂ ಮನೆಗೆ ಹೋಗಲಿಲ್ಲ.

ಕೊನೆಗೆ ರಾಮಯ್ಯ ಉದ್ದನೆಯ ಕೀಯನ್ನು ವಾಲ್ವಿಗೆ ಸಿಕ್ಕಿಸಿ ಸುತ್ತಿದರು. ಒಂದು ಸುತ್ತು. ಎರಡು. ಹತ್ತು.

"ಓಡ್ರೋ! ನಲ್ಲಿ ನೋಡ್ರೋ!"

ಧೃತಿ, ಶಿವಲೀಲಾ ಹಿಂದಿನ ಬೀದಿಗೆ ದೌಡಾಯಿಸಿದರು. ಯಲ್ಲವ್ವನ ಮನೆಯ ನಲ್ಲಿ ಮೊದಲು ಬುಸ್ ಎಂದು ಗಾಳಿ ಬಿಟ್ಟಿತು. ಗುಳಕ್ ಎಂದಿತು. ಕೆಂಪಗೆ ಒಂದಿಷ್ಟು ಉಗಿಯಿತು. ಆಮೇಲೆ ಬಂತು ನೋಡಿ, ಬೆಳ್ಳಗೆ, ತಣ್ಣಗೆ, ಧೋ ಎಂದು!

"ಬಂತಽ! ನೀರ್ ಬಂತಽ!" ಶಿವಲೀಲಾ ಕಿರುಚಿದಳು. ಸಾಲು ಮನೆಗಳ ನಲ್ಲಿಗಳೆಲ್ಲ ಒಂದಾದ ಮೇಲೊಂದು ಬುಸುಗುಟ್ಟಿದವು. ಯಾರೋ ತಟ್ಟೆ ಬಡಿದರು. ಯಾರೋ ಸಿಳ್ಳೆ ಹಾಕಿದರು. ಶಿವಲೀಲಾ ಬೊಗಸೆ ತುಂಬಿ ಧೃತಿಯ ಮುಖಕ್ಕೆ ರಾಚಿದಳು. ಧೃತಿ ಸುಮ್ಮನಿರುತ್ತಾಳೆಯೇ? ಇಬ್ಬರೂ ತಲೆಯಿಂದ ಕಾಲಿನವರೆಗೆ ತೊಪ್ಪೆಯಾದರು.

"ಲೇ, ನೀರ್ ಚೆಲ್ಲಬ್ಯಾಡ್ರಿ!" ಎನ್ನುತ್ತಲೇ ಯಲ್ಲವ್ವ ಫೋನು ಕಿವಿಗಿಟ್ಟುಕೊಂಡರು. "ಹಲೋ, ಟೆಂಪೋದವ್ರಾ? ನಾಳೆ ಬರಬ್ಯಾಡ್ರಿ. ಹೌದ್ರಿ. ನಾವು ಎಲ್ಲೂ ಹೋಗಾಂಗಿಲ್ಲ!"

ಮಾರನೆಯ ಬೆಳಿಗ್ಗೆ ಧೃತಿ ಅಂಗಳದ ನಲ್ಲಿಯ ಕೆಳಗೆ ಬಕೆಟ್ ಇಟ್ಟಳು. ನೀರು ಸಣ್ಣಗೆ, ಹೆಬ್ಬೆರಳಿನ ಗಾತ್ರ ಬಂತು. ಹನ್ನೊಂದು ದಿನದಿಂದ ಅದು ಬಕೆಟ್ಟಿನ ತಳ ಬಡಿಯುವಷ್ಟು ಜೋರಾಗಿತ್ತು. 'ಪ್ರೆಶರ್ ಸಖತ್ತಾಗಿದೆ' ಎಂದು ಅವಳೇ ಖುಷಿಪಟ್ಟಿದ್ದಳು.

ತಾತ ಹಲ್ಲುಜ್ಜುತ್ತಾ ಬಂದು ನಿಂತರು. ನಲ್ಲಿಯನ್ನು ನೋಡಿದರು.

"ಸಣ್ಣಗಾಯ್ತು," ಎಂದರು.

"ಹೂಂ ತಾತ."

ಗೋಡೆಯಾಚೆ ಕೊಡಗಳ ಸದ್ದು ಕೇಳುತ್ತಿತ್ತು. "ತುಂಬೇದವ್ವಾ, ಬ್ಯಾರೇದು ಕೊಡು!" ಎಂದು ಶಿವಲೀಲಾ ಕೂಗುತ್ತಿದ್ದಳು.

ಧೃತಿ ನೀರಿನ ಕೆಳಗೆ ಬೆರಳಿಟ್ಟಳು. ಆ ಹನ್ನೊಂದು ದಿನ ತನ್ನ ಬಕೆಟ್ಟಿನಲ್ಲಿ ಭೋರ್ಗರೆದದ್ದು ಯಾರ ಪಾಲಿನ ನೀರೆಂದು ಈಗ ಬೆರಳಿಗೇ ತಿಳಿದಂತಾಯಿತು.

ತಾತ ಮೆಟ್ಟಿಲ ಮೇಲೆ ಕೂತು, ತಮ್ಮ ಸರದಿಗೆ ಕಾಯತೊಡಗಿದರು. ಧೃತಿ ಅವರಿಗೂ ನಲ್ಲಿಯ ಬಳಿ ಜಾಗವಾಗುವಂತೆ ಪಕ್ಕಕ್ಕೆ ಸರಿದಳು.