ಉಳಿದ ಇಪ್ಪತ್ತು ಸೆಕೆಂಡು

ಮೂರನೆಯ ನಿಮಿಷ ನಡೆಯುತ್ತಿತ್ತು. ಅವಳ ಕಣ್ಣು ಕಾಗದದ ಮೇಲೆ, ಬೆರಳು ಕೀಗಳ ಮೇಲೆ, ಕಿವಿ ಮಾತ್ರ ಹಿಂದಿನ ಸಾಲಿನಲ್ಲಿ. ಅಲ್ಲಿ ಕುರ್ಚಿ ಎಳೆದ ಸದ್ದಾಯಿತು. ಅವನು ಮತ್ತೆ ಹೊಸ ಹುಡುಗಿಯ ಪಕ್ಕ ಕುಳಿತ.

ಹುಡುಗಿ ಏನೋ ಪಿಸುಗುಟ್ಟಿದಳು. ಅವನು ಗಂಟಲು ಸರಿಮಾಡಿಕೊಂಡ. ಹುಡುಗಿ ಕಿಸಕ್ಕನೆ ನಕ್ಕಳು.

ಅವಳ ಎಡಗೈಯ ಕಿರುಬೆರಳು ಜಾರಿತು. ಒಂದು ತಪ್ಪು. ಅದನ್ನು ನೆನೆಯುವಷ್ಟರಲ್ಲಿ ಇನ್ನೊಂದು.

ಇಂಗ್ಲಿಷ್ ದಾಖಲೆಗಳನ್ನು ಟೈಪ್ ಮಾಡಿಕೊಡುವ ಆ ಕಚೇರಿಯಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ಪರೀಕ್ಷೆ. ಐದು ನಿಮಿಷ, ಒಂದು ಪುಟ, ಎಂಟು ಜನ. ಪುಟವನ್ನು ತರುವವನೂ ಮೇಲ್ವಿಚಾರಕನಾದ ಅವನೇ, ಆಮೇಲೆ ಹಸಿರು ಪೆನ್ನು ಹಿಡಿದು ಅಕ್ಷರ ಅಕ್ಷರವನ್ನೂ ತಿದ್ದುವವನೂ ಅವನೇ. ಹೊಸಬರಿಗೆ ಮೊದಲ ತಿಂಗಳು ಅಂಕವಿಲ್ಲ. ಪಕ್ಕದಲ್ಲಿ ಕೂತು ಹೇಳಿಕೊಡಬಹುದು. ಅವನೂ ಹೇಳಿಕೊಡುತ್ತಿದ್ದ, ಮೂರು ವಾರದಿಂದ, ಬಹಳ ಶ್ರದ್ಧೆಯಿಂದ.

ಅವಳಿಗೆ ಯಾರೂ ಹೇಳಿಕೊಡಬೇಕಾದ್ದೇ ಇರಲಿಲ್ಲ. ನಿಮಿಷಕ್ಕೆ ಎಪ್ಪತ್ತೆರಡು ಪದ, ನೂರಕ್ಕೆ ನೂರು ಸರಿ. ಎಲ್ಲರೂ ಅವಳನ್ನು ಕರೆಯುವುದೇ ಮೆಷಿನ್ ಅಕ್ಕ ಎಂದು. ಎಂದಿನಂತೆ ಇಪ್ಪತ್ತು ಸೆಕೆಂಡು ಮೊದಲೇ ಮುಗಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮುಚ್ಚಳ ಮುಚ್ಚಿದ ತನ್ನ ಟೀ ಕಪ್ಪನ್ನೇ ದಿಟ್ಟಿಸಿದಳು. ತಪ್ಪೇ ಮಾಡದವಳ ಮೇಜಿನ ಮುಂದೆ ಅವನು ಯಾತಕ್ಕೆ ನಿಂತಾನು? ಎರಡು ವರ್ಷದಿಂದ ಅವಳಿಗೆ ಸಿಕ್ಕಿದ್ದೆಲ್ಲ ಸರಿ ಎನ್ನುವ ಒಂದು ಹಸಿರು ಗೀಟು. ಕೀಲಿಮಣೆಯ ಮೇಲೆ ಕೋಳಿ ಕೆದಕಿದ ಹಾಗೆ ಕೆದಕುವ ಆ ಹುಡುಗಿಗೆ ಕುರ್ಚಿ, ಮಾತು, ನಗು.

ಮಧ್ಯಾಹ್ನ ಕಾಗದ ಹಿಂತಿರುಗಿಸಲು ಬಂದವನು ಅವಳ ಮೇಜಿನ ಬಳಿ ನಿಂತ.

"ಎರಡು ತಪ್ಪು. ನೀವು? ಹುಷಾರಾಗಿದ್ದೀರಿ ತಾನೆ?"

"ನನಗೇನಾಗಿದೆ? ಬೆರಳು ಜಾರ್ತು. ನೀವು ಹೋಗಿ, ಅಲ್ಲಿ ನಿಮ್ಮ ವಿದ್ಯಾರ್ಥಿನಿ ಕಾಯ್ತಿದ್ದಾಳೆ."

ಅವನ ಕಿವಿಯ ತುದಿ ಕೆಂಪಾಯಿತು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಹೊರಟುಹೋದ. ಹೆಂಡತಿ ತೀರಿಕೊಂಡು ಐದು ವರ್ಷವಾದರೂ ಅಂಗಿಯ ಗುಂಡಿ ಸರಿಯಾಗಿ ಹೊಲಿದುಕೊಳ್ಳಲು ಕಲಿಯದ ಮನುಷ್ಯ. ದಾರಕ್ಕೆ ನೇತಾಡುವ ಆ ಗುಂಡಿಯನ್ನು ಹುಡುಗಿಯೂ ನೋಡಿರಬಹುದೇ ಎಂದು ಯೋಚಿಸಿ ಅವಳ ಹೊಟ್ಟೆ ಉರಿಯಿತು.

ಸ್ವಲ್ಪ ಹೊತ್ತಿಗೆ ಹುಡುಗಿಯೇ ಕುರ್ಚಿ ಎಳೆದುಕೊಂಡು ಬಂದಳು.

"ಅಕ್ಕಾ, ನಂಗೂ ಸ್ವಲ್ಪ ಗುಟ್ಟು ಹೇಳಿಕೊಡಿ. ನಲವತ್ತು ದಾಟ್ತಾನೇ ಇಲ್ಲ."

"ಗುಟ್ಟೇನು ಬಂತು? ಓದಬೇಡ, ಅಷ್ಟೆ. ಅಕ್ಷರ ಕಣ್ಣಿಂದ ನೇರ ಬೆರಳಿಗೆ ಇಳೀಬೇಕು. ತಲೆಗೆ ಹತ್ತಿಸಿಕೊಂಡ್ಯೋ, ನಿಂತುಹೋಗ್ತೀಯ."

"ಓದದೆ ಹೇಗಿರೋದು? ಕಥೆ ಅಷ್ಟು ಚೆನ್ನಾಗಿದೆ!"

"ಯಾವ ಕಥೆ?"

"ಇದೇ, ಪರೀಕ್ಷೆದು! ಆ ಹೆಂಗಸಿನ ಕಥೆ. ಯಾವ ಪುಸ್ತಕದ್ದು ಸರ್ ಅಂತ ಬೆಳಿಗ್ಗೆ ಕೇಳಿದೆ. ಪುಸ್ತಕ ಇಲ್ಲ ಅಂದ್ರು. ಹಾಗಾದ್ರೆ ನೀವೇ ಬರೆದದ್ದಾ ಅಂದೆ. ಅವ್ರ ಮುಖ ನೋಡ್ಬೇಕಿತ್ತು, ಟೊಮೇಟೊ! ಅದಕ್ಕೇ ನಗು ಬಂತು." ಹುಡುಗಿ ದನಿ ತಗ್ಗಿಸಿದಳು. "ಸರ್‌ಗೆ ಯಾರ ಮೇಲೋ ಮನಸ್ಸಿದೆ ಅಕ್ಕಾ. ನೀವು ಇಷ್ಟು ವರ್ಷದಿಂದ ಇದ್ದೀರಿ. ಯಾರು ಅಂತ ಗೊತ್ತಾ?"

"ಊರವರ ವಿಷಯ ನನಗ್ಯಾಕೆ? ಹೋಗು, ಕೆಲಸ ನೋಡು."

ಹುಡುಗಿ ಹೋದ ಮೇಲೆ ಅವಳಿಗೆ ಕೆಲಸವೂ ಓಡಲಿಲ್ಲ. ಹುಡುಗಿಯ ಮೇಲಿದ್ದ ಕೋಪವೆಲ್ಲ ಮಗ್ಗಲು ಬದಲಿಸಿ, ಕಾಣದ ಯಾವಳೋ ಒಬ್ಬಳ ಮೇಲೆ ಬಂದು ಕೂತಿತ್ತು. ವಾರವಾರ ಪುಟಗಟ್ಟಲೆ ಬರೆಸಿಕೊಳ್ಳುವಂಥ ರಂಭೆ ಯಾರು ಅವಳು? ಆ ಹೊಗಳಿಕೆಯನ್ನು ತಾನೇ ಕೂತು ಒಂದು ಅಕ್ಷರ ತಪ್ಪದೆ ಟೈಪ್ ಮಾಡಿಕೊಟ್ಟಿದ್ದೇನಲ್ಲ!

ಡ್ರಾಯರಿನ ತಳದಲ್ಲಿ ತನ್ನ ಪರೀಕ್ಷೆಯ ಹಾಳೆಗಳನ್ನೆಲ್ಲ ಅವಳು ಕೂಡಿಟ್ಟಿದ್ದಳು, ಆ ಹಸಿರು ಗೀಟಿಗಾಗಿ. ಎಲ್ಲರೂ ಹೊರಟ ಮೇಲೆ ಕಟ್ಟು ಬಿಚ್ಚಿ, ಮೊದಲ ಸಲ ಓದತೊಡಗಿದಳು.

ಹಳೆಯ ಹಾಳೆಗಳಲ್ಲಿ ಹಡಗು, ಹವಾಮಾನ, ಜೇನುಹುಳು. ಕಳೆದ ವರ್ಷದ ನಡುವೆ ಎಲ್ಲೋ ಒಬ್ಬ ಹೆಂಗಸು ಬಂದಳು. ಅವಳ ನಡಿಗೆ ಚೆಂದವಂತೆ. ಅವಳು ಕೋಣೆಗೆ ಬಂದರೆ ಗದ್ದಲ ತಾನಾಗಿ ಅಡಗುತ್ತದಂತೆ. ಅಬ್ಬಾ, ಮಹಾರಾಣಿ ಎಂದು ಅವಳು ತುಟಿ ಕೊಂಕಿಸಿದಳು. ಕೆಲಸ ಶುರುಮಾಡುವ ಮೊದಲು ಒಂದೊಂದೇ ಬೆರಳಿನ ನೆಟಿಗೆ ತೆಗೆಯುತ್ತಾಳಂತೆ. ಇದೊಂದು ಹೊಗಳುವ ಗುಣವೇ? ಮುಂದಿನ ಹಾಳೆ ಎತ್ತಿಕೊಂಡು, ಓದುವ ಮೊದಲು, ಅವಳು ಬೆರಳಿನ ನೆಟಿಗೆ ತೆಗೆದಳು.

ಸದ್ದು ಕೇಳಿ ಕೈ ಅಲ್ಲೇ ನಿಂತಿತು.

ನೀಲಿ ಸ್ವೆಟರಿನ ಮೊಣಕೈಗೆ ಅವಳು ಬೂದು ದಾರದಲ್ಲಿ ರಫೂ ಹಾಕಿಕೊಂಡಿದ್ದಾಳೆ, ಎಂದಿತ್ತು ಆ ಹಾಳೆ. ಆ ಮೊಣಕೈ ಈಗ ಮೇಜಿನ ಮೇಲೆಯೇ ಇತ್ತು.

ಒಂದು ಸಾಲನ್ನು ಅರ್ಧಕ್ಕೆ ಬಿಡಲಾರದೆ ಅವಳ ಟೀ ದಿನವೂ ಆರಿಹೋಗುತ್ತದೆ. ನಾಳೆಯಿಂದ ಒಂದು ಮುಚ್ಚಳವನ್ನಾದರೂ ಇಡಬೇಕು, ಎಂದಿತ್ತು ಇನ್ನೊಂದು. ಅವಳು ತಲೆಯೆತ್ತಿ ಖಾಲಿ ಮೇಜುಗಳನ್ನು ನೋಡಿದಳು. ಏಳು ಕಪ್ಪುಗಳು ಬಾಯಿ ತೆರೆದುಕೊಂಡಿದ್ದವು. ಮುಚ್ಚಳವಿದ್ದದ್ದು ಒಂದಕ್ಕೇ. ಎಲ್ಲರಿಗೂ ಕೊಡುತ್ತಾರೆ ಎಂದುಕೊಂಡಿದ್ದಳಲ್ಲ, ಇಷ್ಟು ದಿನ!

ತನ್ನ ಕಪ್ಪಿನ ಮುಚ್ಚಳವನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟಳು. ಆಮೇಲೆ ನಗು ಬಂತು. ಒಬ್ಬ ನಾಚಿಕೆಯ ಮನುಷ್ಯ ತನ್ನ ಮನಸ್ಸನ್ನು ತೋಡಿಕೊಂಡರೆ, ಎಂಟು ಜನ ಸೇರಿ ವಾರವಾರ ಅದಕ್ಕೆ ಎಂಟು ಪ್ರತಿ ಮಾಡಿಕೊಟ್ಟಿದ್ದರು. ಓದಿದವಳು ಕೀಲಿಮಣೆ ಬಾರದವಳೊಬ್ಬಳೇ.

ಕೊನೆಗೆ ಇವತ್ತಿನ ಹಾಳೆ. ಎರಡು ತಪ್ಪುಗಳ ಸುತ್ತ ಹಸಿರು ಸುತ್ತು.

"ನನಗೆ ತಿಳಿದ ಒಂದೇ ರೀತಿಯಲ್ಲಿ ಕೇಳಿದೆ, ಸಂಜೆ ನನ್ನ ಜೊತೆ ಬಸ್ ಸ್ಟಾಪಿನವರೆಗಾದರೂ ನಡೆದು ಬರುತ್ತೀರಾ ಎಂದು. ಅವರು ನನ್ನ ಪ್ರಶ್ನೆಯನ್ನು ಒಂದು ತಪ್ಪೂ ಇಲ್ಲದೆ ನಕಲು ಮಾಡಿ ನನಗೇ ಹಿಂದಕ್ಕೆ ಕೊಡುತ್ತಾರೆ. ಅದೇ ಅವರ ಉತ್ತರವಿರಬೇಕು. ಮುಂದಿನ ಶುಕ್ರವಾರವೊಂದು ಬರೆಯುತ್ತೇನೆ. ಆಮೇಲೆ ಪುಸ್ತಕದಿಂದಲೇ ಪುಟ ಕೊಡಬೇಕು."

ಅವಳು ಹಾಳೆಯನ್ನು ಎದೆಗೊತ್ತಿಕೊಳ್ಳಲಿಲ್ಲ, ಅಂಥ ವಯಸ್ಸಲ್ಲ ಅದು. ಮಡಿಸಿ ಸ್ವೆಟರಿನ ಜೇಬಿಗೆ ಹಾಕಿಕೊಂಡು, ಅಂಗೈಯನ್ನು ಜೇಬಿನ ಮೇಲೆಯೇ ಇಟ್ಟುಕೊಂಡು ಮನೆಗೆ ನಡೆದಳು.

ಭಾವ ತೀರಿಹೋದ ಮೇಲೆ ಒಡಹುಟ್ಟಿದ ಅಕ್ಕ ಅವಳ ಜೊತೆಯಲ್ಲೇ ಇದ್ದಳು. ಮೂರು ವಾರದಿಂದ ತಂಗಿ ಊಟದ ಮೇಜಿನ ಮೇಲೆ ಕೀಲಿಮಣೆ ಕುಟ್ಟುವುದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

"ಬಾರಮ್ಮ, ಶುರು ಮಾಡು. ಯಾರ ಮೇಲಿನ ಸಿಟ್ಟೋ, ಆ ಕೀಲಿಮಣೆ ಮೇಲೆ."

"ಇವತ್ತು ಬೇಡ ಅಕ್ಕ."

"ಏನೇ! ಆ ಹುಡುಗಿ ನಿನ್ನ ಮೀರಿಸಿಬಿಟ್ಟರೆ?"

"ಮೀರಿಸಲಿ ಬಿಡು, ಪಾಪ."

ಅಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದಳು. "ನಗ್ತಾ ಇದ್ದೀಯ. ಏನು ಸಮಾಚಾರ?"

"ಸೆಖೆ."

"ಸೆಖೆಗೆ ಯಾರೇ ನಗ್ತಾರೆ? ಸೆಖೆ ಅಂತೀಯ, ಸ್ವೆಟರೂ ಬಿಚ್ಚಿಲ್ಲ!"

ಅವಳು ಸೊಪ್ಪಿನ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಕೊಟ್ಟ ಪುಟದಲ್ಲಿ ಇಲ್ಲದ ಪ್ರತಿ ಪದವೂ ಒಂದು ತಪ್ಪು, ಅದು ಪರೀಕ್ಷೆಯ ನಿಯಮ. ಅವನು ಒಂದು ಅಕ್ಷರವನ್ನೂ ಓದದೆ ಬಿಡುವವನಲ್ಲ. ಪುಟ ಮುಗಿದ ಮೇಲೆ ಉಳಿಯುವ ಆ ಇಪ್ಪತ್ತು ಸೆಕೆಂಡು ಮುಂದಿನ ಶುಕ್ರವಾರ ಮಡಿಲಲ್ಲಿ ಕೈಕಟ್ಟಿ ಕೂರುವುದಕ್ಕಲ್ಲ.

ಮೇಜಿನ ಅಂಚಿನ ಕೆಳಗೆ, ಅಕ್ಕನಿಗೆ ಕಾಣದಂತೆ, ಅವಳ ಬೆರಳುಗಳು ಮಂಡಿಯ ಮೇಲೆ, ಪುಟದ ಕೊನೆಗೆ ಸೇರಿಸಬೇಕಾದ ಸಾಲನ್ನು ಒಮ್ಮೆ ಹೊಡೆದು ನೋಡಿದವು. ಬರುತ್ತೇನೆ, ಆದರೆ ಮೊದಲು ನಿಮ್ಮ ಅಂಗಿಯ ಗುಂಡಿ ಕೊಡಿ. ಇಂಗ್ಲಿಷಿನಲ್ಲಿ ಎಣಿಸಿದರೆ ಹತ್ತು ಪದವಾದೀತು. ಹತ್ತು ತಪ್ಪು. ಎರಡು ವರ್ಷದ ಮೊದಲ ಸ್ಥಾನ ಹೋಗುತ್ತದೆ.

ಹೋಗಲಿ. ಅವಳು ಈ ಸಲ ನಿಧಾನವಾಗಿ, ಓದುತ್ತಾ, ಇನ್ನೊಮ್ಮೆ ಹೊಡೆದಳು.