ಒಂಬತ್ತನೇ ಲಿಫ್ಟಿನ ಟೇಪು

ಮಾರ್ಚ್ 24, ಮಂಗಳವಾರ ಬೆಳಿಗ್ಗೆ 10.20ಕ್ಕೆ ಲಿಫ್ಟ್ ಮೆಕ್ಯಾನಿಕ್‌ನ ಹೆಂಡತಿ ಠಾಣೆಗೆ ಬಂದಳು. ದೂರನ್ನು ಮನೆಯಲ್ಲೇ ಬರೆದು ತಂದಿದ್ದಳು.

ಮಾರ್ಚ್ 11ರಂದು ಏಳು ಮಹಡಿಯ ಕಟ್ಟಡವೊಂದರಲ್ಲಿ, ಲಿಫ್ಟ್ ಪರೀಕ್ಷಾ ಕಚೇರಿಯ ಪಟ್ಟಿಯಲ್ಲಿ ಒಂಬತ್ತನೇ ನಂಬರಿನ ಲಿಫ್ಟ್ ಬ್ರೇಕ್ ಹಿಡಿಯದೆ ಬಿದ್ದು ಮೂವರ ಕಾಲು ಮುರಿದಿತ್ತು. ತಿಂಗಳ ಪರೀಕ್ಷೆ ಮಾಡಿದ್ದೇನೆ ಎಂದು ಮೆಕ್ಯಾನಿಕ್ ಹೇಳಿದ. ಪರೀಕ್ಷಾ ಕಚೇರಿಯ ದಾಖಲೆಯಲ್ಲಿ ಅದು ಇರಲಿಲ್ಲ. 17ರಂದು ಅವನನ್ನು ಬಂಧಿಸಿದ್ದು ಈಗ ಆಕೆಯ ಎದುರು ಕೂತಿದ್ದ ಇದೇ ಠಾಣೆಯ ಇನ್ಸ್‌ಪೆಕ್ಟರ್.

"ಮೂರನೇ ತಾರೀಖು ಪರೀಕ್ಷೆ ಮಾಡಿದ್ರು ಸಾರ್. ಬ್ರೇಕ್ ಸವೆದಿದೆ ಅಂತ ಮನೇಲೂ ಹೇಳಿದ್ರು," ಎಂದಳು ಆಕೆ.

"ದಾಖಲೆ ಇಲ್ವಲ್ಲಮ್ಮ."

"ಇತ್ತು. ಯಾರೋ ತೆಗೆದಿದ್ದಾರೆ."

"ನಿಮ್ಮನೆಯವರನ್ನ ಹಿಡಿದವನು ನಾನೇ. ಗೊತ್ತು ತಾನೆ?"

"ಗೊತ್ತಿದ್ದೇ ಬಂದೆ. ಹಿಡಿದವರಿಗಲ್ಲದೆ ಬಿಡೋಕೆ ಇನ್ಯಾರಿಗೆ ಬರುತ್ತೆ?"

ಬರೆಯುತ್ತಿದ್ದ ರೈಟರ್ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದ. 11.05ಕ್ಕೆ ದಾಖಲೆ ನಾಶದ ಎಫ್‌ಐಆರ್ ಆಯಿತು. ಮೆಕ್ಯಾನಿಕ್‌ನ ಜಾಮೀನು ಅರ್ಜಿಯ ವಿಚಾರಣೆ 27ಕ್ಕೆ ಇತ್ತು. ಉಳಿದದ್ದು ಮೂರೇ ದಿನ.

ಪರೀಕ್ಷಾ ಕಚೇರಿಯ ನೆಲಮಾಳಿಗೆಯಲ್ಲಿ, ಕಂಪ್ಯೂಟರ್ ದಾಖಲೆಗಳನ್ನು ಕಾದಿಡುವ ಟೇಪಿನ ಕೋಣೆ. ಇನ್ಸ್‌ಪೆಕ್ಟರ್ ಮತ್ತು ಮಹಿಳಾ ಕಾನ್ಸ್‌ಟೇಬಲ್ 11.50ಕ್ಕೆ ಅಲ್ಲಿಗೆ ಹೋದರು. ಗೋಡೆಯುದ್ದಕ್ಕೂ ಕಪಾಟು, ಅಂಗೈಯಗಲದ ಮುನ್ನೂರ ಹನ್ನೆರಡು ಕಪ್ಪು ಟೇಪುಗಳು, ಬೆನ್ನಿನ ಮೇಲೆ ಒಂದೇ ಕೈಬರಹ. ಆ ಕೈಬರಹದ ಒಡತಿಯನ್ನು ಕಚೇರಿಯಲ್ಲಿ ಎಲ್ಲರೂ ಟೇಪಕ್ಕ ಎನ್ನುತ್ತಿದ್ದರು. ವಯಸ್ಸು ಐವತ್ತೇಳು. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಕಪ್ಪು ಕನ್ನಡಕ ಹಾಕಿದ್ದರು.

"ಪರೀಕ್ಷೆ ವರದಿ ಎಲ್ಲಿಗೆ ಬರುತ್ತೆ?"

"ಮೊದಲು ಕಂಪ್ಯೂಟರಿಗೆ. ಎರಡು ವಾರಕ್ಕೊಂದು ಗುರುವಾರ ನಾನು ಟೇಪಿಗೆ ಬರೀತೀನಿ. ಬರೆದದ್ದನ್ನ ವಾಪಸ್ ಓದಿ, ಸರಿಯಿದ್ರೆ ಕಂಪ್ಯೂಟರಿಂದ ಅಳಿಸ್ತೀನಿ."

"ಕೊನೇದು ಬರೆದದ್ದು?"

"ಮಾರ್ಚ್ ಐದು. ಹನ್ನೆರಡರಿಂದ ಇಪ್ಪತ್ತೆರಡರವರೆಗೆ ರಜೆ."

"ಕೋಣೆ ಕೀಲಿ?"

"ಎರಡು. ಒಂದು ನನ್ನ ಸೆರಗಲ್ಲಿ, ಒಂದು ಸೂಪರ್‌ವೈಸರ್ ಹತ್ರ."

"ಟೇಪು ಬರೆಯೋಕೆ ಬರೋರಿಗೆ ಅಳಿಸೋಕೂ ಬರುತ್ತೆ, ಅಲ್ವಾ?"

ಟೇಪಕ್ಕ ಸಿಟ್ಟಾಗಲಿಲ್ಲ. "ಬರುತ್ತೆ. ಅದಕ್ಕೇ ನನ್ನ ಮಾತು ನಂಬಬೇಡಿ, ಟೇಪನ್ನ ಕೇಳಿ. ಪಂಚರನ್ನ ಕರೆಸಿ."

ಮಹಡಿಯಿಂದ ಇಬ್ಬರು ಗುಮಾಸ್ತರನ್ನು ಪಂಚರಾಗಿ ಕರೆಸಲಾಯಿತು. ಟೇಪಕ್ಕ ಐದನೇ ತಾರೀಖಿನ ಟೇಪು ತೆಗೆದು, ಬರೆಯಲು ಬಾರದಂತೆ ಅದರ ಮೂಲೆಯ ಗುಂಡಿ ಸರಿಸಿ, ಯಂತ್ರಕ್ಕೆ ತಳ್ಳಿದರು. ಕಪ್ಪು ಪರದೆಯಲ್ಲಿ ಚಿತ್ರವಿಲ್ಲ, ಬಟನ್ನಿಲ್ಲ. ಬಿಳಿ ಗೆರೆಯೊಂದು ಮಿನುಗುತ್ತಿತ್ತು. ಅವರು ಕೀಲಿಮಣೆ ನೋಡದೆಯೇ ಒಂದು ಸಾಲು ಟೈಪಿಸಿದರು.

"ಇದೇನು ಬರೆದ್ರಿ?" ಕಾನ್ಸ್‌ಟೇಬಲ್ ಮೊದಲ ಬಾರಿ ಬಾಯಿ ಬಿಟ್ಟಳು.

"ಟಾರ್. ಕಡತಗಳನ್ನ ಒಂದೇ ಗಂಟು ಕಟ್ಟಿ ಟೇಪಿಗೆ ಹಾಕೋದೂ ಇದೇ, ಗಂಟಲ್ಲಿ ಏನಿದೆ ಅಂತ ಪಟ್ಟಿ ಕೊಡೋದೂ ಇದೇ."

"ರಸ್ತೆಗೆ ಹಾಕೋ ಟಾರು ಅಂದ್ಕೊಂಡೆ," ಎಂದ ಪಂಚನೊಬ್ಬ.

"ಅದು ಮಳೆಗಾಲಕ್ಕೆ ಕಿತ್ತು ಬರುತ್ತೆ ಮಾರಾಯ. ಇದು ಬರಲ್ಲ."

ಟೇಪು ಸಣ್ಣಗೆ ಗುಯ್‌ಗುಟ್ಟಿತು. ಪರದೆಯ ಮೇಲೆ ಸಾಲುಗಳು ಇಳಿಯತೊಡಗಿದವು. ಸಣ್ಣ ಅಕ್ಷರ ಟೇಪಕ್ಕನ ಕಣ್ಣಿಗೆ ಇನ್ನೂ ಹಿಡಿಯುತ್ತಿರಲಿಲ್ಲ. "ನೀನೇ ಓದಮ್ಮ. ಒಂದೂ ಬಿಡಬೇಡ," ಎಂದು ಕಾನ್ಸ್‌ಟೇಬಲ್‌ಗೆ ಹೇಳಿ ಕಣ್ಣು ಮುಚ್ಚಿ ಕೂತರು.

ಕಾನ್ಸ್‌ಟೇಬಲ್ ಓದಿದಳು: ಲಿಫ್ಟಿಗೊಂದು ಫೋಲ್ಡರ್, ಅದರೊಳಗೆ ಪರೀಕ್ಷೆಗೊಂದು ಫೈಲು, ಪ್ರತಿ ಸಾಲಿಗೂ ತಾರೀಖು, ಗಂಟೆ. ಐದು, ಆರು, ಏಳು, ಎಂಟು. ಟೇಪಕ್ಕನ ಬೆರಳು ಮೊಣಕಾಲ ಮೇಲೆ ಸಾಲಿಗೊಮ್ಮೆ ತಟ್ಟುತ್ತಿತ್ತು, ಅಕ್ಕಿ ಆರಿಸುವವರ ಬೆರಳಿನ ಹಾಗೆ. ಒಂಬತ್ತಕ್ಕೆ ಬಂದಾಗ ನಿಂತಿತು.

"ಇನ್ನೊಂದ್ಸಲ ಓದು."

"ಲಿಫ್ಟ್ ಒಂಬತ್ತು, ಫೋಲ್ಡರ್. ಮಾರ್ಚ್ 14, ಸಂಜೆ 4.40. ಒಳಗೆ ಖಾಲಿ. ಮಾರ್ಚ್ ಫೈಲಿಲ್ಲ."

"ಐದನೇ ತಾರೀಖು ಬರೆದ ಟೇಪಲ್ಲಿ ಹದಿನಾಲ್ಕನೇ ತಾರೀಖು ಹೇಗೆ ಬಂತು, ಸಾರ್?" ಎಂದರು ಟೇಪಕ್ಕ.

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಕೂತರು. "ನಿಧಾನವಾಗಿ ಹೇಳಿ."

"ಇದು ನಾನು ಬರೆದ ಟೇಪಲ್ಲ. ಯಾರೋ ನನ್ನ ಟೇಪಿನ ಗಂಟು ಕಂಪ್ಯೂಟರಿಗೆ ಬಿಚ್ಚಿದ್ದಾರೆ, ಒಂದು ಫೈಲು ಅಳಿಸಿದ್ದಾರೆ, ಮಿಕ್ಕಿದ್ದನ್ನ ಹೊಸ ಟೇಪಿಗೆ ಕಟ್ಟಿ ನನ್ನ ಚೀಟಿ ಕಿತ್ತು ಅಂಟಿಸಿದ್ದಾರೆ. ಫೈಲುಗಳಿಗೆ ಹಳೇ ತಾರೀಖೇ ಉಳಿಯುತ್ತೆ. ಆದ್ರೆ ಒಂದನ್ನ ತೆಗೆದ ಗಳಿಗೇಲೇ ಅದಿದ್ದ ಫೋಲ್ಡರಿನ ತಾರೀಖು ಬದಲಾಗುತ್ತೆ. ಟಾರ್ ಕಂಡದ್ದನ್ನ ಕಂಡ ಹಾಗೇ ಬರ್ಕೊಳ್ಳುತ್ತೆ. ದಾಕ್ಷಿಣ್ಯ ಇಲ್ಲ ಅದಕ್ಕೆ."

ಇನ್ಸ್‌ಪೆಕ್ಟರ್ ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಬೆರಳಚ್ಚು ನೋಡಿದ್ದರು, ರಕ್ತದ ಕಲೆ ನೋಡಿದ್ದರು. ಇಷ್ಟು ಚೊಕ್ಕವಾದ ಸಾಕ್ಷಿಯನ್ನು, ಅದೂ ಕಣ್ಣು ಮುಚ್ಚಿಕೊಂಡು ಹಿಡಿದವರನ್ನು ನೋಡಿರಲಿಲ್ಲ. ಪಂಚನಾಮೆಗೆ ಸಹಿ ಮಾಡಲು ಟೇಪಕ್ಕನಿಗೆ ತಮ್ಮ ಪೆನ್ನನ್ನೇ ಕೊಟ್ಟರು.

"ಈ ಕೆಲಸ ಇಲ್ಲಿ ಇನ್ಯಾರಿಗೆ ಬರುತ್ತೆ?"

ಟೇಪಕ್ಕ ಪೆನ್ನಿನ ಮುಚ್ಚಳ ಹಾಕಿ ವಾಪಸ್ ಕೊಟ್ಟರು. "ಸೂಪರ್‌ವೈಸರಿಗೆ. ನಾನೇ ಕಲಿಸಿದ್ದು."

14 ಶನಿವಾರ, ಕಚೇರಿಗೆ ರಜೆ. ಕಾವಲುಗಾರನ ಪುಸ್ತಕದಲ್ಲಿ ಅಂದು ಒಂದೇ ಸಹಿ: ಒಳಗೆ ಬಂದದ್ದು 2.15, ಹೊರಗೆ ಹೋದದ್ದು 6.30.

2.30ಕ್ಕೆ ಸೂಪರ್‌ವೈಸರ್ ಇನ್ಸ್‌ಪೆಕ್ಟರ್ ಎದುರು ಕೂತಿದ್ದ.

"ಹದಿನಾಲ್ಕನೇ ತಾರೀಖು ಎಲ್ಲಿದ್ರಿ?"

"ಮನೇಲಿ."

ಕಾನ್ಸ್‌ಟೇಬಲ್ ಪುಸ್ತಕ ತೆರೆದು ಮುಂದಿಟ್ಟಳು.

"ಇದು ಯಾರ ಸಹಿ?"

ಅವನು ಪುಸ್ತಕವನ್ನು ಮುಚ್ಚಿ ಪಕ್ಕಕ್ಕೆ ಸರಿಸಿದ.

"ಹಳೇ ಟೇಪು ಎಲ್ಲಿ? ಸುಟ್ರಾ?"

"ಇಲ್ಲ ಸಾರ್. ಇಪ್ಪತ್ತಾರು ವರ್ಷ ದಾಖಲೆ ಕಾದವನು. ಸುಡೋಕೆ ಕೈ ಬರ್ಲಿಲ್ಲ."

4 ಗಂಟೆಗೆ ಅವನ ಮನೆಯ ಕಬ್ಬಿಣದ ಬೀರುವಿನಿಂದ, ಟವೆಲಿನಲ್ಲಿ ಸುತ್ತಿದ್ದ ಟೇಪನ್ನು ಪಂಚರ ಎದುರು ವಶಪಡಿಸಿಕೊಳ್ಳಲಾಯಿತು. 5.40ಕ್ಕೆ ಟೇಪಕ್ಕ ಅದನ್ನು ಓದಿಸಿದರು. ಮಾರ್ಚ್ 3ರ ಫೈಲು ಇತ್ತು. ಒಂಬತ್ತನೇ ಲಿಫ್ಟಿನ ಬ್ರೇಕ್ ಸವೆದಿದೆ, ಕೂಡಲೇ ನಿಲ್ಲಿಸಿ ಎಂದು ಮೆಕ್ಯಾನಿಕ್ ಬರೆದಿದ್ದ. ಅದರ ಕೆಳಗೆ, ಮಾರ್ಚ್ 4ರ ತಾರೀಖಿನಲ್ಲಿ, ಸೂಪರ್‌ವೈಸರ್ ಹಾಕಿದ ಒಂದೇ ಮಾತು: ನೋಡಿದ್ದೇನೆ.

6.05ಕ್ಕೆ ಅವನ ಬಂಧನವಾಯಿತು. ನಿರಪರಾಧಿಯನ್ನು ಹಿಡಿದದ್ದು ತನ್ನ ತಪ್ಪು ಎಂಬ ಸಾಲನ್ನೂ ಸೇರಿಸಿ ಇನ್ಸ್‌ಪೆಕ್ಟರ್ ಅಂದೇ ನ್ಯಾಯಾಲಯಕ್ಕೆ ವರದಿ ಬರೆದರು. 27ರ ಮಧ್ಯಾಹ್ನ ಮೆಕ್ಯಾನಿಕ್ ಹೊರಬಂದ. ಅವನ ಹೆಂಡತಿ ಗೇಟಿನ ಹೊರಗೆ ನಿಂತಿದ್ದಳು. ಇನ್ಸ್‌ಪೆಕ್ಟರ್ ಕಡೆ ತಿರುಗಿಯೂ ನೋಡಲಿಲ್ಲ.

ಸೂಪರ್‌ವೈಸರ್‌ನ ಹೇಳಿಕೆಯನ್ನು ಕಾನ್ಸ್‌ಟೇಬಲ್ ಬರೆದುಕೊಂಡಳು. ಮಾರ್ಚ್ 4ರಂದು ಅವನ ಮೇಜಿಗೆ ಮೂವತ್ತೊಂದು ವರದಿ ಬಂದಿದ್ದವು. ಮೂವತ್ತನ್ನು ತೆರೆದು ಓದಿದ್ದ. ಮೆಕ್ಯಾನಿಕ್‌ನದನ್ನು ಮಾತ್ರ ತೆರೆಯದೆಯೇ 'ನೋಡಿದ್ದೇನೆ' ಎಂದು ಗುರುತು ಹಾಕಿದ್ದ.

"ಅದೊಂದನ್ನೇ ಯಾಕೆ ಬಿಟ್ರಿ?" ಕಾನ್ಸ್‌ಟೇಬಲ್ ಕೇಳಿದಳು.

"ಅವನ ಕೆಲಸದಲ್ಲಿ ಒಂದು ದಿನವೂ ತಪ್ಪು ಕಂಡಿರಲಿಲ್ಲಮ್ಮ," ಎಂದ ಅವನು. "ಅವನದ್ದು ನೋಡೋದೇ ಬೇಡ ಅನ್ಸಿತು."